ಕಪ್ ಯಾವ ಆಟಕ್ಕೆ, ಸ್ಟೀಲ್ ಡಬ್ಬಿ ಯಾವ ಆಟಕ್ಕೆ?

ಕಂದವಾರದವನು:
ನಮಸ್ಕಾರ. ಚಿಕ್ಕಬಳ್ಳಾಪುರದ ಪಕ್ಕದ ಹಳ್ಳಿ ನಮ್ಮದು. ರಾಜ್ಯೋತ್ಸವಕ್ಕೆ ಪ್ರತಿ ವರ್ಷ ಆಟೋಟ ಇಡುತ್ತೇವೆ. ಈ ಸಲ ಪಟ್ಟಿ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಪಟ್ಟಿ ಸುಲಭ. ಜಗಳ ಇರುವುದು ಬಹುಮಾನದಲ್ಲಿ.

ಇಷ್ಟು ವರ್ಷ ನಡೆದುಕೊಂಡು ಬಂದದ್ದು ಹೀಗೆ. ಕಬಡ್ಡಿ, ವಾಲಿಬಾಲ್, ಟೆನಿಸ್ ಬಾಲ್ ಕ್ರಿಕೆಟ್‌ಗೆ ಕಪ್, ಜೊತೆಗೆ ನಗದು. ಕೇರಂ, ಚೆಸ್, ಹಗ್ಗ ಜಗ್ಗಾಟ, ಮ್ಯೂಸಿಕಲ್ ಚೇರ್, ನಿಂಬೆಹಣ್ಣು-ಚಮಚಕ್ಕೆ ಸ್ಟೀಲ್ ಡಬ್ಬಿ. ಹೋದ ಸಭೆಯಲ್ಲಿ ಪಿಯುಸಿ ಓದುವ ಹುಡುಗನೊಬ್ಬ ಎದ್ದು ನಿಂತ. ‘ಕೇರಂಗೆ ಯಾಕೆ ಕಪ್ ಇಲ್ಲ?’ ಅಂತ ಕೇಳಿದ. ಹಿರಿಯರೊಬ್ಬರು ‘ಅದು ಟೈಂಪಾಸು, ಇದು ಸ್ಪೋರ್ಟ್ಸು’ ಅಂದರು. ಹುಡುಗ ಬಿಡಲಿಲ್ಲ. ‘ಎರಡಕ್ಕೂ ವ್ಯತ್ಯಾಸ ಏನು, ಹೇಳಿ’ ಅಂದ. ಅಲ್ಲಿ ನಾವು ಹದಿನಾಲ್ಕು ಜನ ಇದ್ದೆವು. ಒಬ್ಬರ ಬಾಯಿಂದಲೂ ಮಾತು ಬರಲಿಲ್ಲ.

ಭಾನುವಾರ ಮತ್ತೆ ಸಭೆ ಇದೆ. ಅಷ್ಟರಲ್ಲಿ ನನಗೊಂದು ಉತ್ತರ ಬೇಕು. ಕನ್ನಡದಲ್ಲಿ ಎರಡಕ್ಕೂ ಆಟ ಅಂತಲೇ ಅನ್ನುತ್ತೇವೆ, ಅದೇ ಕಷ್ಟ. ಕ್ರೀಡೆ ಅನ್ನುವ ಪದ ಕರಪತ್ರ ಬಿಟ್ಟು ಹೊರಗೆ ಬಂದಿಲ್ಲ.

ರೇಷ್ಮೆಗೂಡು:
ಇದಕ್ಕೆ ಸಭೆ ಯಾಕ್ರೀ? ಬೆವರು ಬಂದರೆ ಸ್ಪೋರ್ಟ್ಸ್, ಬರದಿದ್ದರೆ ಟೈಂಪಾಸ್. ಶಿಡ್ಲಘಟ್ಟದಲ್ಲಿ ಗೂಡಿನ ಮಾರ್ಕೆಟ್ ಮುಗಿದ ಮೇಲೆ ನಾವು ಕೂತು ಕೇರಂ ಆಡುತ್ತೇವೆ. ಒಂದು ಕೈಯಲ್ಲಿ ಟೀ, ಇನ್ನೊಂದು ಕೈಯಲ್ಲಿ ಸ್ಟ್ರೈಕರ್. ಟೀ ಕುಡಿಯುತ್ತಾ ಆಡುವುದು ಸ್ಪೋರ್ಟ್ಸ್ ಹೇಗೆ ಆಗುತ್ತೆ?

ಕಾಲಾಳು:
ಟೆಸ್ಟ್ ಕ್ರಿಕೆಟ್‌ನಲ್ಲಿ ಟೀಗೆ ಅಂತಲೇ 20 ನಿಮಿಷ ಬಿಡುತ್ತಾರೆ ಸ್ವಾಮಿ.

ಬೆವರೇ ಲೆಕ್ಕ ಆದರೆ ರಾಗಿ ಕೊಯ್ಯುವವರಿಗೆ ಮೊದಲು ಕಪ್ ಕೊಡಬೇಕು. ಚೆಸ್‌ನ ವಿಶ್ವ ಸಂಸ್ಥೆ ಫಿಡೆಗೆ ಒಲಿಂಪಿಕ್ ಸಮಿತಿ 1999ರಲ್ಲೇ ಮಾನ್ಯತೆ ಕೊಟ್ಟಿದೆ. 2006ರ ದೋಹಾ ಏಷ್ಯನ್ ಗೇಮ್ಸ್‌ನಲ್ಲಿ ಚೆಸ್‌ಗೆ ಪದಕ ಇತ್ತು. 2018ರಲ್ಲಿ ಜಕಾರ್ತಾದಲ್ಲಿ ಇಸ್ಪೀಟಿನ ಬ್ರಿಜ್ ಆಡಿ ಪ್ರಣಬ್ ಬರ್ಧನ್ ಮತ್ತು ಶಿಬನಾಥ್ ಸರ್ಕಾರ್ ಚಿನ್ನ ತಂದರು. ಪ್ರಣಬ್ ಅವರಿಗೆ ಆಗ 60 ವರ್ಷ. ನಮ್ಮ ಊರಲ್ಲಿ ಆ ವಯಸ್ಸಿನವರು ಅರಳಿಕಟ್ಟೆ ಮೇಲೆ ಎಲೆ ಹಿಡಿದು ಕೂತರೆ ‘ಕೆಲಸ ಇಲ್ಲದವರು’ ಅನ್ನುತ್ತೇವೆ.

2024ರ ಡಿಸೆಂಬರ್‌ನಲ್ಲಿ ಗುಕೇಶ್ ಸಿಂಗಪುರದಲ್ಲಿ ವಿಶ್ವ ಚಾಂಪಿಯನ್ ಆದದ್ದನ್ನು ನೋಡಿದಿರಾ? ಹದಿನಾಲ್ಕನೇ ಆಟದಲ್ಲಿ ಗೆದ್ದ. ವಯಸ್ಸು 18. ಬೋರ್ಡಿನ ಮುಂದೆಯೇ ಕೂತು ಅತ್ತ. ಅಳುತ್ತಲೇ ಕಾಯಿಗಳನ್ನೆಲ್ಲ ಮೊದಲಿನ ಹಾಗೆ ಜೋಡಿಸಿಟ್ಟ. ಟೈಂಪಾಸ್ ಮಾಡುವವನು ಹಾಗೆ ಅಳುತ್ತಾನಾ?

ರೇಷ್ಮೆಗೂಡು:
ನನ್ನ ಮಗಳು ಹಾವು-ಏಣಿ ಸೋತರೂ ಅಳುತ್ತಾಳೆ.

ಗೌರಿಬಿದನೂರು ಲೋಕಲ್:
ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿ ಬರುವವನು. ಈ ವಿಷಯ ಬೋಗಿಯಲ್ಲಿ ಹಾಕಿದೆ. ದೊಡ್ಡಬಳ್ಳಾಪುರ ಬರುವಷ್ಟರಲ್ಲಿ ಎರಡು ಪಾರ್ಟಿ ಆಗಿಹೋಯಿತು.

ನನಗೆ ನೆನಪಾದದ್ದು ಚಿಕ್ಕಂದಿನ ಗಲ್ಲಿ ಕ್ರಿಕೆಟ್. ಮೊದಲನೇ ಬಾಲ್ ಟ್ರಯಲ್. ಮೂಲೆ ಮನೆ ಕಾಂಪೌಂಡ್ ಒಳಗೆ ಬಿದ್ದರೆ ಔಟ್, ಹೊಡೆದವನೇ ಹೋಗಿ ತರಬೇಕು. ಒಂದು ಪುಟ ಬಿದ್ದ ಬಾಲನ್ನು ಒಂದೇ ಕೈಯಲ್ಲಿ ಹಿಡಿದರೂ ಔಟ್. ಬ್ಯಾಟ್ ಯಾರದೋ ಅವನು ಎರಡು ಸಲ ಔಟಾದರೂ ಔಟಲ್ಲ. ಯಾರದಾದರೂ ತಮ್ಮನೋ ತಂಗಿಯೋ ಅಳುತ್ತಾ ಬಂದರೆ ಸೇರಿಸಿಕೊಳ್ಳುತ್ತಿದ್ದೆವು. ಅವರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಓಡಬಹುದು, ಕೂಗಬಹುದು, ಔಟ್ ಮಾತ್ರ ಇಲ್ಲ. ಅವರು ಹೊಡೆದ ರನ್ನೂ ಇಲ್ಲ.

ನೀವು ಹುಡುಕುತ್ತಿರುವ ಗೆರೆ ಅಲ್ಲೇ ಇದೆ ಅಂತ ನನಗೆ ಅನಿಸುತ್ತೆ. ಆಟಕ್ಕುಂಟು ಲೆಕ್ಕಕ್ಕಿಲ್ಲ ಅನ್ನುವವರಿಗೆ ಎಲ್ಲಿ ಜಾಗ ಇದೆಯೋ ಅದು ಆಟ. ಎಲ್ಲಿ ಜಾಗ ಇಲ್ಲವೋ ಅದು ಸ್ಪೋರ್ಟ್ಸ್. ಬ್ಯಾಟ್ ಓನರ್ ಆಗಲಿ, ಪಕ್ಕದ ಮನೆ ಪಾಪು ಆಗಲಿ, ಕಡ್ಡಿ ಹಾರಿದರೆ ಹೊರಗೆ ಹೋಗಬೇಕು.

ಹಳೇ ಪಿಟಿ ಮೇಷ್ಟ್ರು:
ಮೇಲಿನವರ ಮಾತು ಚೆನ್ನಾಗಿದೆ. ಅದಕ್ಕೆ ಸ್ವಲ್ಪ ಸೇರಿಸುತ್ತೇನೆ. ಮೂವತ್ತೊಂದು ವರ್ಷ ಸೀಟಿ ಊದಿದವನು ನಾನು, ಬರೆದರೆ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ನನ್ನದು ಬಾಗೇಪಲ್ಲಿ ಕಡೆ. ಅಲ್ಲಿ ಮನೆಮಾತು ಅರ್ಧ ತೆಲುಗು. ಕಬಡ್ಡಿಗೆ ನಾವು ಚೆಡುಗುಡು ಅನ್ನುತ್ತಿದ್ದೆವು. ಕಾಲಲ್ಲೇ ಗೆರೆ ಎಳೆದುಕೊಂಡು ಆಡುವುದು. ಗಡಿಯಾರ ಇಲ್ಲ, ಉಸಿರೇ ಗಡಿಯಾರ. ‘ಉಸಿರು ಬಿಟ್ಟ’, ‘ಬಿಡಲಿಲ್ಲ’. ಇದೇ ಜಗಳ, ದಿನಾ. ಕೊನೆಗೆ ಯಾರ ಗಂಟಲು ದೊಡ್ಡದೋ ಅವರ ಮಾತು ನಡೆಯುತ್ತಿತ್ತು. ಆಟ ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಬಾವಿಗೆ ಬೀಳುತ್ತಿದ್ದೆವು, ಅದು ಬೇರೆ.

ಈಗಿನ ಕಬಡ್ಡಿ ನೋಡಿ. ಗಂಡಸರ ಅಂಗಳ 13 ಮೀಟರ್ ಉದ್ದ, 10 ಮೀಟರ್ ಅಗಲ. ಒಳಗೆ ಏಳು ಜನ. ಇಪ್ಪತ್ತು ನಿಮಿಷದ ಎರಡು ಅವಧಿ. ಒಂದು ರೈಡ್‌ಗೆ 30 ಸೆಕೆಂಡ್. ಮಧ್ಯದ ಗೆರೆಯಿಂದ 3.75 ಮೀಟರ್ ದೂರದ ಗೆರೆಯನ್ನು ರೈಡರ್ ದಾಟಲೇಬೇಕು. ಯಾರನ್ನಾದರೂ ಮುಟ್ಟಿದರೆ ಆ ಮಾತು ಬೇರೆ. ಇಲ್ಲದಿದ್ದರೆ ಅವನೇ ಔಟ್. ಅಂದರೆ ಸುಮ್ನೆ ಹೋಗಿ ಗೆರೆ ಹತ್ತಿರ ಕುಣಿದು ವಾಪಸ್ ಬರುವ ಹಾಗಿಲ್ಲ. ‘ಕಬಡ್ಡಿ ಕಬಡ್ಡಿ’ ಅನ್ನುವುದನ್ನು ಉಳಿಸಿಕೊಂಡರು. ಆದರೆ ಉಸಿರಿನ ಪಕ್ಕದಲ್ಲಿ ಗಡಿಯಾರ ಇಟ್ಟರು. ಉಸಿರು ಆಡುವವನಿಗೆ ಮಾತ್ರ ಗೊತ್ತು. ಗಡಿಯಾರ ಬೇಲಿ ಆಚೆ ನಿಂತವನಿಗೂ ಕಾಣುತ್ತೆ. ನನ್ನ ಲೆಕ್ಕದಲ್ಲಿ ಚೆಡುಗುಡು ಸ್ಪೋರ್ಟ್ಸ್ ಆದದ್ದು ಅಲ್ಲಿ.

ಹಾಗಂತ ಜಗಳ ನಿಂತಿತಾ? ಇಲ್ಲ. 1990ರಿಂದ ಏಳು ಏಷ್ಯನ್ ಗೇಮ್ಸ್‌ನಲ್ಲಿ ಗಂಡಸರ ಚಿನ್ನ ನಮ್ಮದೇ. 2018ರಲ್ಲಿ ಸೆಮಿಫೈನಲ್‌ನಲ್ಲೇ ಇರಾನ್ ನಮ್ಮನ್ನು ಮಲಗಿಸಿತು. ಮುಂದಿನ ಸಲ, 2023ರ ಅಕ್ಟೋಬರ್‌ನಲ್ಲಿ, ಹಾಂಗ್‌ಝೌನಲ್ಲಿ ಅದೇ ಇರಾನ್ ಜೊತೆ ಫೈನಲ್. 28-28 ಸಮ. ನಮ್ಮ ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ, ಅಂದರೆ ಯಾರನ್ನಾದರೂ ಮುಟ್ಟಿದ ಮೇಲಷ್ಟೇ ಕಾಲಿಡಬಹುದಾದ ಅಂಗಳದ ಪಕ್ಕದ ಪಟ್ಟಿಗೆ, ಕಾಲಿಟ್ಟ. ಹಿಂದೆಯೇ ಇರಾನಿನ ಹುಡುಗರೂ ಲಾಬಿಗೆ ಬಂದರು. ಯಾರು ಔಟ್? ಹಳೇ ರೂಲ್ಸ್ ಪ್ರಕಾರ ಒಂದು, ಹೊಸ ರೂಲ್ಸ್ ಪ್ರಕಾರ ಇನ್ನೊಂದು. ಪಂದ್ಯ ಹೆಚ್ಚು ಕಮ್ಮಿ ಒಂದು ಗಂಟೆ ನಿಂತಿತು. ಆಟಗಾರರು ಮ್ಯಾಟ್ ಮೇಲೆ ಕೂತುಬಿಟ್ಟರು. ಕೊನೆಗೆ 33-29ಕ್ಕೆ ನಾವು ಗೆದ್ದೆವು. ಟಿವಿ ಮುಂದೆ ಕೂತಿದ್ದ ನನಗೆ ಬಾಗೇಪಲ್ಲಿ ಬಯಲೇ ಕಣ್ಣಿಗೆ ಬಂತು. ವ್ಯತ್ಯಾಸ ಇಷ್ಟೇ. ಅಲ್ಲಿ ಜಗಳ ಆಡಲೂ ಒಂದು ಪುಸ್ತಕ ಇತ್ತು.

ಇನ್ನೊಂದು ಮಾತು. ‘ಸರ್, ನಾನು ಕಬಡ್ಡಿ ಪ್ಲೇಯರ್’ ಅಂತ ಬರುವ ಹುಡುಗರಿಗೆ ನಾನು ಒಂದೇ ಪ್ರಶ್ನೆ ಕೇಳುತ್ತಿದ್ದೆ. ಆಟ ಇಲ್ಲದ ದಿನ ಏನು ಮಾಡುತ್ತೀಯ? ನೂರರಲ್ಲಿ ತೊಂಬತ್ತು ಹುಡುಗರು ತಲೆ ಕೆರೆದುಕೊಳ್ಳುತ್ತಿದ್ದರು.

ಕಂದವಾರದವನು:
ಮೇಷ್ಟ್ರೇ, ಪುಸ್ತಕ ಇದ್ದರೆ ಸಾಕು ಅಂದರೆ ಕೇರಂಗೂ ಇದೆಯಲ್ವಾ? ಆ ಹುಡುಗ ಮೊಬೈಲ್‌ನಲ್ಲಿ ತೋರಿಸಿದ. ಬೋರ್ಡ್ 74 ಸೆಂಟಿಮೀಟರ್ ಚೌಕ. ಸ್ಟ್ರೈಕರ್ 15 ಗ್ರಾಂ ದಾಟುವಂತಿಲ್ಲ. 25 ಪಾಯಿಂಟ್ ಅಥವಾ ಎಂಟು ಬೋರ್ಡ್ (ಅಂದರೆ ಎಂಟು ಸುತ್ತು), ಯಾವುದು ಮೊದಲೋ ಅದಕ್ಕೆ ಗೇಮ್ ಮುಗಿಯುತ್ತೆ. ಮರಿಯ ಇರುದಯಂ ಅನ್ನುವ ಕೇರಂ ಆಟಗಾರರಿಗೆ ಅರ್ಜುನ ಪ್ರಶಸ್ತಿ ಬಂದಿದೆ. 2024ರಲ್ಲಿ ಚೆನ್ನೈನ ಖಾಜಿಮಾ, ಆಟೋ ಓಡಿಸುವವರ ಮಗಳು, ಅಮೆರಿಕದಲ್ಲಿ ಕೇರಂ ವಿಶ್ವಕಪ್ ಆಡಿ ಮೂರು ಚಿನ್ನ ತಂದಳು. ಇಷ್ಟೆಲ್ಲ ಅವನು ಹೇಳುವಾಗ ನಾವು ಏನು ಮಾಡುತ್ತಿದ್ದೆವು ಗೊತ್ತಾ? ಸಂಘದ ಬೋರ್ಡ್ ಮೇಲೆ ಮಂಡಕ್ಕಿ ಹರಡಿಕೊಂಡು ತಿನ್ನುತ್ತಿದ್ದೆವು.

ಹಳೇ ಪಿಟಿ ಮೇಷ್ಟ್ರು:
ಹಾಗಾದರೆ ಉತ್ತರ ನಿಮಗೇ ಸಿಕ್ಕಿದೆ. ಅವನ ಕೇರಂ ಸ್ಪೋರ್ಟ್ಸ್, ನಿಮ್ಮ ಕೇರಂ ಮಂಡಕ್ಕಿ.

ಹಗ್ಗದ ತುದಿ:
ಹಗ್ಗ ಜಗ್ಗಾಟವನ್ನು ಸ್ಟೀಲ್ ಡಬ್ಬಿ ಪಟ್ಟಿಗೆ ಹಾಕಿದ್ದು ಯಾರು? 1900ರಿಂದ 1920ರವರೆಗೆ ಅದು ಒಲಿಂಪಿಕ್ಸ್‌ನಲ್ಲಿ ಇದ್ದ ಆಟ.

ನಮ್ಮೂರಲ್ಲಿ ಹೇಗೆ ಆಡುತ್ತೇವೆ ಅಂದರೆ, ಎಲ್ಲರಿಗಿಂತ ದಪ್ಪ ಇರುವವನನ್ನು ತುದಿಗೆ ನಿಲ್ಲಿಸಿ ಹಗ್ಗವನ್ನು ಅವನ ಸೊಂಟಕ್ಕೆ ಎರಡು ಸುತ್ತು ಸುತ್ತುತ್ತೇವೆ. ಆ ದಪ್ಪ ಮನುಷ್ಯ ನಾನೇ. ಸೋಲುವ ಹಾಗೆ ಕಂಡರೆ ನೆಲಕ್ಕೆ ಕೂತುಬಿಡುತ್ತೇನೆ. ಆಮೇಲೆ ಆ ಕಡೆಯವರ ಅಪ್ಪ ಬಂದರೂ ಅಲ್ಲಾಡಿಸಲಾರ. ನಿಜವಾದ ರೂಲ್ಸ್ ಒಮ್ಮೆ ಓದಿ ನನ್ನ ಮರ್ಯಾದೆಯೇ ಹೋಯಿತು. ಎಂಟೆಂಟು ಜನ. ಎಂಟೂ ಜನರ ತೂಕ ಕೂಡಿಸಿ ಯಾವ ವರ್ಗ ಅಂತ ನೋಡುತ್ತಾರೆ. ಬೇಕೂಂತ ಕೂರುವ ಹಾಗಿಲ್ಲ. ಮೊಣಕೈ ಮೊಣಕಾಲಿನ ಕೆಳಗೆ ಇಳಿದರೂ ಫೌಲ್. ನಾಲ್ಕು ಮೀಟರ್ ಎಳೆದರೆ ಗೆಲುವು. ಅಂದರೆ ಇಷ್ಟು ವರ್ಷ ನಾನು ಗೆದ್ದದ್ದೆಲ್ಲ ಫೌಲ್. ಡಬ್ಬಿ ವಾಪಸ್ ಕೊಡಲ್ಲ, ಹೇಳಿಬಿಟ್ಟಿದ್ದೇನೆ.

ಲಾಬಿ ಕಿಂಗ್:
ನಾವು ನಾಲ್ಕು ಜನ ಮೊಬೈಲ್‌ನಲ್ಲಿ ಟೀಮ್ ಕಟ್ಟಿ ಆಡುತ್ತೇವೆ. ಮನೆಯಲ್ಲಿ ಬೈಗುಳ. ಹಾಂಗ್‌ಝೌನಲ್ಲಿ ಇ-ಸ್ಪೋರ್ಟ್ಸ್‌ಗೂ ಪದಕ ಕೊಟ್ಟರು ಅಂತ ಅಪ್ಪನಿಗೆ ತೋರಿಸಿದೆ. ‘ಅವರು ಪದಕ ತಂದರು, ನೀನು ಕರೆಂಟ್ ಬಿಲ್ ತಂದೆ’ ಅಂದರು. ಮೇಷ್ಟ್ರ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇಲ್ಲ. ಆಟ ಇಲ್ಲದ ದಿನವೂ ಆಟವೇ ಆಡುತ್ತೇನೆ.

ಬಂಗಾರಪೇಟೆ ಜಂಕ್ಷನ್:
ಒಂದು ಪದದ ವಿಷಯ. ನಾವು ಮ್ಯಾಚ್‌ಗೆ ಪಂದ್ಯ ಅನ್ನುತ್ತೇವೆ. ನಮ್ಮ ಕೋಲಾರದ ಗಡಿಯಲ್ಲಿ ತೆಲುಗಿನವರಿಗೆ ಪಂದೆಂ ಅಂದರೆ ಬಾಜಿ. ಕೋಡಿ ಪಂದೆಂ ಅಂದರೆ ಕೋಳಿ ಅಂಕ, ದುಡ್ಡು ಕಟ್ಟಿ ಆಡಿಸುವುದು. ಕನ್ನಡದಲ್ಲೂ ‘ಪಂದ್ಯ ಕಟ್ಟುತ್ತೀಯಾ?’ ಅಂದರೆ ಬಾಜಿಯೇ. ದುಡ್ಡು ಇಟ್ಟರೆ ಆಟ ಗಂಭೀರ ಆಗುತ್ತೆ ಅಂತ ನಮ್ಮ ಭಾಷೆಯೇ ಹೇಳುತ್ತಿದೆಯೇನೋ.

ಆದರೆ ಗಂಭೀರ ಆದದ್ದೆಲ್ಲ ಸ್ಪೋರ್ಟ್ಸ್ ಅಲ್ಲ. ರಮ್ಮಿಯಲ್ಲಿ ಅದೃಷ್ಟಕ್ಕಿಂತ ಕೌಶಲ ಜಾಸ್ತಿ ಅಂತ ಸುಪ್ರೀಂ ಕೋರ್ಟ್ 1960ರ ದಶಕದಲ್ಲೇ ಹೇಳಿದೆ. ಹಾಗಂತ ಯಾರೂ ರಮ್ಮಿಗೆ ಪಿಟಿ ಪಿರಿಯಡ್ ಕೊಡಲಿಲ್ಲ. 2025ರ ಆಗಸ್ಟ್‌ನಲ್ಲಿ ಬಂದ ಕೇಂದ್ರದ ಕಾನೂನು ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಒಂದು ಕಡೆಗಿಟ್ಟು ನಿಷೇಧಿಸಿತು, ಇ-ಸ್ಪೋರ್ಟ್ಸ್ ಅನ್ನು ಬೇರೆ ಕಡೆಗಿಟ್ಟಿತು. ಅಲ್ಲಿ ಕೇಳಿದ ಪ್ರಶ್ನೆ ಬೆವರಿನದಲ್ಲ, ಬುದ್ಧಿಯದೂ ಅಲ್ಲ. ಬಾಜಿ ಇದೆಯೋ ಇಲ್ಲವೋ, ಅಷ್ಟೇ. ನಿಮ್ಮ ಸಂಘದವರು ಕ್ರಿಕೆಟ್‌ಗೆ ಇಡುವ ನಗದು ಎಲ್ಲಿಂದ ಬರುತ್ತೆ ಅಂತ ಒಂದು ಸಲ ಯೋಚನೆ ಮಾಡಿ. ಟೀಮ್‌ಗಳ ಎಂಟ್ರಿ ಫೀಸಿನಿಂದ ಅಲ್ವಾ?

ನಂದಿ ತಿರುವು:
ನಾನು ಭಾನುವಾರ ನಂದಿ ಬೆಟ್ಟಕ್ಕೆ ಸೈಕಲ್ ಹತ್ತಿಸುತ್ತೇನೆ. ಎದುರಾಳಿ ಯಾರೂ ಇಲ್ಲ, ಅಂಪೈರ್ ಇಲ್ಲ, ಟೈಮ್ ಲೆಕ್ಕ ಇಡುವ ಸ್ಟ್ರಾವಾ ಆ್ಯಪ್ ಮಾತ್ರ. ಪುಸ್ತಕ, ಸೀಟಿ ಎಲ್ಲ ಯಾಕೆ, ಟೈಮ್ ಒಂದು ಸಾಕು ಅಂದುಕೊಂಡಿದ್ದೆ. ಒಂದು ದಿನ ನನ್ನ ಪರಿಚಯದವನೊಬ್ಬ ಆ್ಯಪ್ ಆಫ್ ಮಾಡುವುದನ್ನು ಮರೆತು ಸ್ಕೂಟರ್ ಮೇಲೆ ಬೆಟ್ಟ ಹತ್ತಿದ. ಅವತ್ತಿನ ಪಟ್ಟಿಯಲ್ಲಿ ಅವನೇ ಫಸ್ಟ್. ನೋಡುವವರು ಒಬ್ಬರಾದರೂ ಇರಬೇಕು ಅಂತ ಈಗ ಒಪ್ಪುತ್ತೇನೆ.

ರೇಷ್ಮೆಗೂಡು:
ಹಾಗಾದರೆ ಮುದ್ದೇನಹಳ್ಳಿ ಮ್ಯಾಚ್ ಏನು ಹೇಳಿ. 2024ರ ಜನವರಿ 18. ನಾನೇ ಹೋಗಿದ್ದೆ. ಒಂದು ಕಡೆ ತೆಂಡೂಲ್ಕರ್ ಟೀಮ್, ಇನ್ನೊಂದು ಕಡೆ ಯುವರಾಜ್ ಸಿಂಗ್ ಟೀಮ್. ಒಳ್ಳೇ ಗ್ರೌಂಡ್, ಅಂಪೈರ್, ಸ್ಕೋರ್ ಬೋರ್ಡ್, ಎಲ್ಲ ಇತ್ತು. ಕೊನೆಯ ಓವರ್‌ನಲ್ಲಿ ಯೂಸುಫ್ ಪಠಾಣ್ ಬೌಲಿಂಗ್. ತಮ್ಮ ಇರ್ಫಾನ್ ಸಿಕ್ಸರ್ ಹೊಡೆದು ಮ್ಯಾಚ್ ಗೆಲ್ಲಿಸಿ, ಹೋಗಿ ಅಣ್ಣನನ್ನೇ ತಬ್ಬಿಕೊಂಡ. ಎಲ್ಲರೂ ನಕ್ಕರು. ನಾವೂ ನಕ್ಕೆವು.

ಅದಾದ ಮೇಲೆ ನಮ್ಮ ಕಡೆ ಕೆರೆ ಅಂಗಳದಲ್ಲಿ ಟೆನಿಸ್ ಬಾಲ್ ಫೈನಲ್ ನಡೆಯಿತು. ನೀರಿಲ್ಲದ ಕೆರೆ, ಜಾಲಿ ಮುಳ್ಳು ಕಡಿದು ಮಾಡಿದ ಪಿಚ್. ಅಂಪೈರ್ ಬ್ಯಾಟಿಂಗ್ ಟೀಮಿನವನೇ. ಒಂದು ರನ್ ಔಟ್ ಕೊಡಲಿಲ್ಲ ಅಂತ ಶುರುವಾಯಿತು. ಸೋತ ಹುಡುಗ ಎರಡು ದಿನ ಊಟ ಬಿಟ್ಟ. ಯಾವುದು ಸ್ಪೋರ್ಟ್ಸ್ ಇವೆರಡರಲ್ಲಿ? ಬೆವರು ಎರಡರಲ್ಲೂ ಇತ್ತು. ನನ್ನ ಬೆವರಿನ ವಾದ ನಾನೇ ವಾಪಸ್ ತಗೊಂಡೆ, ಆದರೆ ನಿಮ್ಮ ಪುಸ್ತಕದ ವಾದವೂ ಪೂರ್ತಿ ನಿಲ್ಲಲಿಲ್ಲ ನೋಡಿ.

ಗೌರಿಬಿದನೂರು ಲೋಕಲ್:
ಮುದ್ದೇನಹಳ್ಳಿಯಲ್ಲಿ ಇಪ್ಪತ್ತೆರಡೂ ಜನ ಆಟಕ್ಕುಂಟು ಲೆಕ್ಕಕ್ಕಿಲ್ಲ. ಕೆರೆ ಅಂಗಳದಲ್ಲಿ ಆ ಅಂಪೈರ್ ಒಬ್ಬನೇ ಲೆಕ್ಕಕ್ಕಿಲ್ಲ. ಹುಡುಗರು ಪೂರ್ತಿ ಲೆಕ್ಕಕ್ಕಿದ್ದರು, ಅದಕ್ಕೇ ಊಟ ಸೇರಲಿಲ್ಲ.

ಜೆರ್ಸಿ ನಂಬರ್ 4:
ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಕಂದವಾರದವರೇ, ನಾನು ನಿಮ್ಮ ಊರಿನವಳೇ. ಯಾರು ಅಂತ ನಿಮಗೆ ಗೊತ್ತಾಗುತ್ತೆ.

ನನ್ನ ತವರು ಚಿಂತಾಮಣಿ ಕಡೆ. ಶಾಲೆಯಲ್ಲಿ ಥ್ರೋಬಾಲ್ ಆಡುತ್ತಿದ್ದೆ. ಹೋಬಳಿ, ತಾಲ್ಲೂಕು ದಾಟಿ ಎರಡು ಸಲ ಜಿಲ್ಲಾ ಮಟ್ಟಕ್ಕೆ ಹೋಗಿದ್ದೆ. ಆಗ ಜಿಲ್ಲೆ ಅಂದರೆ ಕೋಲಾರ. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಬೆಳಿಗ್ಗೆ ಐದೂವರೆಗೆ ಎದ್ದು, ಹಾಲು ಡೈರಿಗೆ ಹಾಕಿ, ಆರಕ್ಕೆ ಗ್ರೌಂಡಲ್ಲಿ ಇರಬೇಕಿತ್ತು. ಮೇಷ್ಟ್ರ ಪ್ರಶ್ನೆಗೆ ಉತ್ತರ ಇದು. ಆಟ ಇಲ್ಲದ ದಿನ ಗೋಡೆಗೆ ಚೆಂಡು ಎಸೆದು ಹಿಡಿಯುತ್ತಿದ್ದೆ. ಎರಡೂ ಕೈಯಲ್ಲಿ ಹಿಡಿಯಬೇಕು, ಮೈಗೆ ತಾಗಬಾರದು, ಮೂರು ಸೆಕೆಂಡಿನೊಳಗೆ ಕೈ ಬಿಡಬೇಕು. ಅಮ್ಮ ಒಳಗಿನಿಂದ ಎಣಿಸುತ್ತಿದ್ದಳು. ಅವಳ ಮೂರು ಯಾವಾಗಲೂ ಬೇಗ ಬರುತ್ತಿತ್ತು.

ಮದುವೆ ಆಗಿ ಈ ಊರಿಗೆ ಬಂದೆ. ಮೊದಲ ರಾಜ್ಯೋತ್ಸವಕ್ಕೆ ಮೈಕ್‌ನಲ್ಲಿ ಕೂಗಿದರು, ‘ಮಹಿಳೆಯರಿಗೂ ಆಟಗಳಿವೆ.’ ಓಡಿ ಹೋದೆ. ಕೈಗೆ ಚಮಚ ಕೊಟ್ಟು ಅದರ ಮೇಲೆ ನಿಂಬೆಹಣ್ಣು ಇಟ್ಟರು. ಆ ನಿಂಬೆಹಣ್ಣು ಇವತ್ತಿನವರೆಗೂ ಬಿದ್ದಿಲ್ಲ. ಮನೆಯಲ್ಲಿ ಮೂರು ಸ್ಟೀಲ್ ಡಬ್ಬಿ ಇವೆ. ಒಂದರಲ್ಲಿ ಸಾಸಿವೆ, ಒಂದರಲ್ಲಿ ಮೆಂತ್ಯ, ಒಂದು ಖಾಲಿ.

ಮ್ಯೂಸಿಕಲ್ ಚೇರ್ ಕಥೆ ಎಲ್ಲರಿಗೂ ಗೊತ್ತು. ಹಾಡು ನಿಲ್ಲಿಸುವವನು ಕುರ್ಚಿಗಳನ್ನು ನೋಡುತ್ತಾ ನಿಂತಿರುತ್ತಾನೆ. ಅವನ ಅತ್ತಿಗೆ ಕುರ್ಚಿ ಹತ್ತಿರ ಬಂದಾಗಲೇ ಹಾಡು ನಿಲ್ಲುತ್ತೆ. ಯಾರೂ ಜಗಳ ಆಡಲ್ಲ. ಯಾಕೆ ಗೊತ್ತಾ? ಅದು ಜಗಳಕ್ಕೂ ಲಾಯಕ್ಕಲ್ಲ ಅಂತ ಎಲ್ಲರೂ ಮೊದಲೇ ತೀರ್ಮಾನ ಮಾಡಿದ್ದಾರೆ.

ನೀವೆಲ್ಲ ಬೆವರು, ಪುಸ್ತಕ, ಸೀಟಿ ಅಂತ ಹುಡುಕುತ್ತಿದ್ದೀರಿ. ನಿಮ್ಮ ಪಟ್ಟಿಯನ್ನು ಇನ್ನೊಂದು ಸಲ ಓದಿ. ಕಪ್ ಇರುವ ಆಟ ಯಾವುದು ಅನ್ನುವುದಕ್ಕಿಂತ ಅದನ್ನು ಆಡುವವರು ಯಾರು ಅಂತ ನೋಡಿ. ಖೋಖೋ ಹುಡುಗಿಯರಿಗೆ ಗೇಮ್ಸ್ ಪಿರಿಯಡ್ ತುಂಬಿಸುವ ಆಟ ಆಗಿತ್ತು. 2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋಖೋ ವಿಶ್ವಕಪ್ ನಡೆಯಿತು. ಮಹಿಳೆಯರ ಫೈನಲ್‌ನಲ್ಲಿ ನೇಪಾಳವನ್ನು ಸೋಲಿಸಿದ ಭಾರತ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಚೈತ್ರಾ ಇದ್ದರು. ಅವರ ಊರಲ್ಲೂ ನಿಂಬೆಹಣ್ಣು ಸಿಗುತ್ತೆ ಅಲ್ವಾ?

ನನಗೆ ಕಪ್ ಬೇಡ. ನೆಟ್ ಕಟ್ಟಿಕೊಡಿ. ವಾಲಿಬಾಲ್‌ಗೆ ಕಟ್ಟುವ ಅದೇ ಕಂಬ, ಅದೇ ನೆಟ್. ಗಂಡಸರ ವಾಲಿಬಾಲ್‌ಗೆ 2.43 ಮೀಟರ್ ಎತ್ತರ. ಥ್ರೋಬಾಲ್‌ಗೆ 2.2 ಮೀಟರ್. ಒಂದು ಗೇಣು ಕೆಳಗೆ ಇಳಿಸಿದರೆ ಆಯಿತು.

ಹಳೇ ಪಿಟಿ ಮೇಷ್ಟ್ರು:
ನಂಬರ್ 4, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಮೊಬೈಲ್ ಕೆಳಗಿಟ್ಟೆ. ನಾನು ಕಳಿಸಿದ ಹುಡುಗಿಯರು ಎಷ್ಟೋ ಜನ. ಹುಡುಗರು ಈಗಲೂ ಸಿಕ್ಕಿದಾಗ ‘ಸರ್, ಆ ಮ್ಯಾಚು’ ಅನ್ನುತ್ತಾರೆ. ಹುಡುಗಿಯರು ಮಕ್ಕಳ ಮಾರ್ಕ್ಸ್ ಹೇಳುತ್ತಾರೆ. ನಾನೂ ಆಟದ ಬಗ್ಗೆ ಕೇಳಿದವನಲ್ಲ.

ಕಂದವಾರದವನು:
ಸಭೆ ಮುಗಿಸಿಕೊಂಡು ಬಂದೆ. ಆದದ್ದು ಆದ ಹಾಗೆ ಹೇಳುತ್ತೇನೆ.

ಲೆಕ್ಕಕ್ಕಿಲ್ಲದ ಮಾತು ಎಲ್ಲರಿಗೂ ಬೇಗ ಹತ್ತಿತು. ಯಾವ ಆಟದಲ್ಲಿ ಯಾರಿಗೂ ವಿನಾಯಿತಿ ಇಲ್ಲ, ತೀರ್ಪು ಕೊಡುವವನು ಯಾವ ಟೀಮಿನವನೂ ಅಲ್ಲ, ಅದಕ್ಕೆ ಕಪ್. ಬಾಕಿದ್ದಕ್ಕೆ ಡಬ್ಬಿ. ಹೀಗೆ ಹೇಳಿದ ತಕ್ಷಣ ಮೊದಲು ಕುತ್ತಿಗೆಗೆ ಬಂದದ್ದು ನಮ್ಮ ಕ್ರಿಕೆಟ್ಟೇ. ಹೊರಗಿನ ಅಂಪೈರ್ ಕರೆಸಬೇಕು ಅಂದೆ, ಗೊಣಗುತ್ತಾ ಒಪ್ಪಿದರು. ನಗದು ತೆಗೆಯೋಣ ಅಂದೆ, ಇಬ್ಬರು ಎದ್ದು ಹೋದರು. ನಗದು ಉಳಿಯಿತು. ಬಂಗಾರಪೇಟೆಯವರು ಕ್ಷಮಿಸಿ.

ಕೇರಂಗೆ ಕಪ್ ಆಯಿತು. ಆದರೆ ಆ ಹುಡುಗ ಅಷ್ಟಕ್ಕೇ ಬಿಡಲಿಲ್ಲ. ಸಂಘದ ಸ್ಟ್ರೈಕರ್ ಜೇಬಿಗೆ ಹಾಕಿಕೊಂಡು ಬಜಾರ್ ರಸ್ತೆಯ ಚಿನ್ನದಂಗಡಿಗೆ ಹೋದ. ಅವರು ನಗುತ್ತಾ ತೂಗಿ ಕೊಟ್ಟರು. 18 ಗ್ರಾಂ. ಹತ್ತು ವರ್ಷದಿಂದ ಆ ಸ್ಟ್ರೈಕರ್‌ನಲ್ಲಿ ಗೆದ್ದವರಲ್ಲಿ ನಾನೂ ಒಬ್ಬ.

ಹಗ್ಗ ಜಗ್ಗಾಟ ತೀರ್ಮಾನ ಆಗಿಲ್ಲ. ಎಂಟು ಜನರನ್ನು ತೂಗಲು ತರಕಾರಿ ಮಂಡಿಯ ಕಾಟಾ ಕೇಳಿದ್ದೇವೆ. ಚೆಸ್‌ಗೆ ಹೆಸರು ಕೊಟ್ಟವರು ಮೂರೇ ಜನ, ಕಾಲಾಳು ಅವರೇ ಬಂದು ನಾಲ್ಕಾಗಿಸಬೇಕು. ಮ್ಯೂಸಿಕಲ್ ಚೇರ್ ಇರುತ್ತೆ, ಡಬ್ಬಿಯೇ. ಹಾಡು ನಿಲ್ಲಿಸುವವನು ಈ ಸಲ ಗೋಡೆ ಕಡೆ ಮುಖ ಮಾಡಿ ನಿಲ್ಲಬೇಕು.

ನಂಬರ್ 4, ನೆಟ್ ಒಂದು ಗೇಣು ಇಳಿಸಿದ್ದೇವೆ. ಸುಣ್ಣದ ಗೆರೆ ಶನಿವಾರ ಹಾಕುತ್ತೇವೆ. 18.30ಕ್ಕೆ 12.20 ಮೀಟರ್, ಟೇಪ್ ಹಿಡಿದು ಅಳೆದೇ ಹಾಕುತ್ತೇವೆ.

ಜೆರ್ಸಿ ನಂಬರ್ 4:
ಆರು ಜನ ಆಗಿದ್ದೇವೆ. ಏಳನೆಯವರು ಬೇಕು. ನಾಳೆಯಿಂದ ಬೆಳಿಗ್ಗೆ ಆರಕ್ಕೆ, ಶಾಲೆ ಮೈದಾನ. ಶೂ ಇಲ್ಲದಿದ್ದರೂ ಪರವಾಗಿಲ್ಲ. ಸೀರೆ ಆದರೆ ಸೆರಗು ಸಿಕ್ಕಿಸಿಕೊಂಡು ಬನ್ನಿ. ಉಗುರು ಕತ್ತರಿಸಿಕೊಂಡು ಬನ್ನಿ.